ವಂಶದಲ್ಲಿ ಯಾರಿಗೂ ಇಲ್ಲ

ಉದ್ದಕ್ಕೆ ಒಂದು ಮಡಿಕೆ, ಅಡ್ಡಕ್ಕೆ ಒಂದು, ಮತ್ತೆ ಉದ್ದಕ್ಕೆ, ಎಳೆ ಹೊರಗೆ ಕಾಣಬಾರದು, ಎಳೆ ಬಿಟ್ಟರೆ ಗಾಯಕ್ಕೆ ಅಂಟಿಕೊಳ್ಳುತ್ತದೆ — ಗಾಯಕ್ಕೆ ಕಟ್ಟುವ ಜಾಳು ಬಟ್ಟೆ ಬೆರಳಿನಡಿ ಸದ್ದಿಲ್ಲದೆ ಸರಿಯುತ್ತಿದೆ, ತುಂಡಿನ ಮೇಲೆ ತುಂಡು, ಒಣರೊಟ್ಟಿ ಪೇರಿಸಿದ ಹಾಗೆ, ಕೈಗೊಂದು ಕೆಲಸವಿದ್ದರೆ ಯಾರೂ ಮಾತಾಡಿಸುವುದಿಲ್ಲ, ತಲೆ ಬಗ್ಗಿಸಿಕೊಂಡೇ ಎಲ್ಲವನ್ನೂ ನೋಡಬಹುದು, ತೀರ್ಥಮ್ಮ ಇದನ್ನು ಚಿಕ್ಕವಳಿದ್ದಾಗಲೇ ಕಂಡುಕೊಂಡಿದ್ದಳು. ಈಗಲೂ ನೋಡುತ್ತಿದ್ದಾಳೆ. ತರೀಕೆರೆಯ ಆಸ್ಪತ್ರೆಯ ಹೆಂಗಸರ ವಾರ್ಡು, ಆರು ಮಂಚ, ಬಾಗಿಲಿಂದ ನಾಲ್ಕನೆಯದು ತನ್ನದು, ಮಂಚದ ಕಾಲ ಬಳಿ ಚಾಪೆ ಹಾಸಿಕೊಂಡು ಅವ್ವ, ಅವ್ವನ ಪಕ್ಕದಲ್ಲಿ ಆಗಲೇ ಗಂಟು ಕಟ್ಟಿಟ್ಟ ಬಟ್ಟೆಯ ಚೀಲ, ಕಿಟಕಿಯಾಚೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಕಂಡಕ್ಟರನ ಕೂಗು, ಅಜ್ಜಂಪುರಾ ಅಜ್ಜಂಪುರಾ ಅಜ್ಜಂಪುರ, ಅವ್ವ ಪ್ರತಿ ಕೂಗಿಗೂ ಕತ್ತು ಎತ್ತುತ್ತಾಳೆ, ಎರಡರ ಬಸ್ಸಿಗೆ ಹೊರಟುಬಿಡುವಾ ಅಂತ ಬೆಳಗಿನಿಂದ ಮೂರು ಸಲ ಅಂದಿದ್ದಾಳೆ. ಹೊರಟುಬಿಡಬಹುದು. ಕೈ ಊತ ಇಳಿದಿದೆ. ಎಡಗೈ ಹೆಬ್ಬೆರಳ ಬುಡದಿಂದ ಮುಂಗೈಯ ಅರ್ಧದವರೆಗೆ ನೇರಳೆ ಹಣ್ಣು ಜಜ್ಜಿ ಸವರಿದ ಹಾಗಿದ್ದದ್ದು ಈಗ ಅಂಚಿನಲ್ಲಿ ಹಳದಿಗೆ ತಿರುಗಿದೆ, ಪಂಚನಹಳ್ಳಿಯಲ್ಲಿ ಅತ್ತೆಮನೆಯವರು ಸೀಮಂತ ಮಾಡಿ, ಹಸಿರು ಬಳೆ ತೊಡಿಸಿ, ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅಂತ ಅವ್ವನ ಜೊತೆ ಕಳಿಸಿ ಇವತ್ತಿಗೆ ಹನ್ನೊಂದು ದಿನ, ಬಳೆಗಾರ ಕೈ ಹಿಂಡಿ ಹಿಂಡಿ ಬಳೆ ಏರಿಸುವಾಗ ಏನವ್ವಾ ಕೈ ಇಷ್ಟು ಮೆತ್ತಗೆ, ಬೆಣ್ಣೆ ಹಿಂಡಿದಂಗಾಯ್ತು ಅಂತ ನಕ್ಕಿದ್ದ, ಕೂತವರೆಲ್ಲ ನಕ್ಕಿದ್ದರು, ಮಾರನೇ ದಿನ ಬೆಳಿಗ್ಗೆ ಕೈ ನೋಡಿ ಯಾರೂ ನಗಲಿಲ್ಲ. ಕಣ್ಣು ಬಿದ್ದಿದೆ ಅಂದಳು ಅತ್ತೆ. ಅವ್ವ ಆ ನೇರಳೆ ಬಣ್ಣವನ್ನು ನೋಡಿದ ರೀತಿ ಇತ್ತಲ್ಲ, ಬಹಳ ದಿನದಿಂದ ಬರದೇ ಇದ್ದ ನೆಂಟರು ಬಾಗಿಲಲ್ಲಿ ನಿಂತಾಗ ನೋಡುವ ರೀತಿ — ತೀರ್ಥಮ್ಮ ಅದನ್ನೂ ತಲೆ ಬಗ್ಗಿಸಿಕೊಂಡೇ ನೋಡಿದ್ದಳು.

ಇಲ್ಲಿಯ ಡಾಕ್ಟರು ಕೈ ನೋಡಿ, ಹೊಟ್ಟೆ ನೋಡಿ, ಏಳು ತುಂಬ್ತಲ್ಲ, ಗುರುವಾರ ಬೆಂಗಳೂರಿಂದ ರಕ್ತದ ಡಾಕ್ಟರುಗಳು ಬರ್ತಾರೆ, ಅವರೂ ಒಂದ್ಸಲ ನೋಡ್ಲಿ, ಎರಡು ದಿನ ಇಲ್ಲೇ ಇರಮ್ಮ ಅಂದರು. ರಕ್ತದ ಡಾಕ್ಟರು ಅಂದರೇನು ಅಂತ ಅವ್ವನಿಗೆ ತಿಳಿಯಲಿಲ್ಲ, ತೀರ್ಥಮ್ಮನಿಗೂ ತಿಳಿಯಲಿಲ್ಲ, ತಿಳಿಸಿದವಳು ವಾರ್ಡಿನ ಆಯಾ ಜವರಮ್ಮ, ಮಡಿಸಲು ಬಟ್ಟೆ ಕೊಟ್ಟವಳೂ ಅವಳೇ. ಪೊರಕೆ ಊರಿಕೊಂಡು ನಿಂತು, ಡಾಕ್ಟ್ರು ಆದ್ಮೇಲೂ ಇನ್ನಾ ಓದ್ತಾವ್ರಂತೆ ಕಣವ್ವಾ, ಬರೀ ರಕ್ತನೇ ಓದೋದಂತೆ, ಎರಡು ವರ್ಸ, ಅವ್ರಿಗೊಬ್ಬ ಮೇಷ್ಟ್ರು ಬೇರೆ ಅವ್ರೆ, ದೊಡ್ಡ ಡಾಕ್ಟ್ರು, ತಿಂಗ್ಳಿಗೊಂದು ಊರಿಗೆ ಕರ್ಕೊಂಡೋಗಿ ಪಾಠ ಹೇಳೋದು, ವಯಸ್ಸಾದ ಗಂಡಸ್ರು ಅವ್ರ ಮುಂದೆ ಒಂದನೇ ಕ್ಲಾಸ್ ಹುಡುಗ್ರಂಗೆ ಕೈಕಟ್ಟಿ ನಿಲ್ತಾರೆ, ನೋಡಕ್ಕೇ ಚೆಂದ, ಅಂತ ಬಾಯಿಗೆ ಸೆರಗಿಟ್ಟು ನಕ್ಕಳು. ಬರೀ ರಕ್ತವನ್ನು ಎರಡು ವರ್ಷ ಓದುವುದೇ, ಅದರಲ್ಲಿ ಅಷ್ಟು ಓದುವುದೇನಿದೆ, ಬಂದರೆ ಬರುತ್ತದೆ, ನಿಂತರೆ ನಿಲ್ಲುತ್ತದೆ, ನಿಲ್ಲದಿದ್ದರೆ — ಒಂದು ಮಡಿಕೆ, ಅಡ್ಡಕ್ಕೆ ಒಂದು. ನಿಂಗೆ ತಿಂಗ್ಳು ತಿಂಗ್ಳು ಎಷ್ಟು ದಿನ ಕಾಣ್ತಿತ್ತವ್ವಾ ಅಂತ ಜವರಮ್ಮ ನಿನ್ನೆ ಇದ್ದಕ್ಕಿದ್ದಂತೆ ಕೇಳಿದ್ದಳು, ಅವ್ವ ನಲ್ಲಿಗೆ ಹೋಗಿದ್ದಾಗ. ತೀರ್ಥಮ್ಮ ತಲೆ ಅಲ್ಲಾಡಿಸಿದಳು, ಗೊತ್ತಿಲ್ಲ. ಅದೆಂಗೆ ಗೊತ್ತಿಲ್ಲ, ನಮ್ಮಲ್ಲಾದ್ರೆ ಹೊರಗ್ ಕೂತಿರ್ತೀವಿ, ಮನೆ ಮಂದಿಯೆಲ್ಲಾ ಬೆರಳು ಮಡಚಿ ಎಣಿಸ್ತಾರೆ, ಇನ್ನಾ ಒಳಕ್ ಬರ್ಲಿಲ್ವಾ ಅಂತ ಅತ್ತೆ ಬೈತಾಳೆ, ಹತ್ತು ದಿನ ಕೂತ್ರೆ ಊರಿಗೆಲ್ಲಾ ಗೊತ್ತಾಗ್ತದೆ. ನಿಮ್ಮಲ್ಲಿ ಲಿಂಗ ಕಟ್ಟಿದೋರು, ಸೂತಕ ಇಲ್ಲ, ಒಳ್ಳೇದೇ, ಆದ್ರೆ ಎಣಿಸೋರು ಯಾರು ಹೇಳು. ಹೌದಲ್ಲ. ಯಾರೂ ಎಣಿಸಲಿಲ್ಲ. ಹನ್ನೆರಡು ದಿನವೋ ಹದಿನಾಲ್ಕೋ, ಅಷ್ಟು ದಿನವೂ ರೊಟ್ಟಿ ತಟ್ಟಿದ್ದಾಳೆ, ಪೂಜೆ ಮಾಡಿಕೊಂಡಿದ್ದಾಳೆ, ನೀರು ಸೇದಿದ್ದಾಳೆ, ಕಣ್ಣು ಕತ್ತಲೆ ಬಂದರೆ ಬಾವಿಕಟ್ಟೆ ಹಿಡಿದು ನಿಂತಿದ್ದಾಳೆ, ನಮ್ಮ ಮನೆ ಹೆಣ್ಮಕ್ಕಳಿಗೆ ಹಂಗೇ ಕಣೇ ಅಂತ ಅವ್ವ ಒಂದೇ ಒಂದು ಸಲ ಅಂದಿದ್ದಳು, ಎತ್ತರದ ಮನೆತನದವರು ಎತ್ತರ ಇರುವಂತೆ, ಕಪ್ಪಿನವರು ಕಪ್ಪಿರುವಂತೆ, ತಮ್ಮ ಮನೆಯ ಹೆಂಗಸರಿಗೆ ಹೀಗೆ. ಅದಕ್ಕೆ ಹೆಸರಿಲ್ಲ. ಹೆಸರಿಲ್ಲದ್ದನ್ನು ಕಾಯಿಲೆ ಅಂತ ಯಾರು ಹೇಳುತ್ತಾರೆ.

ಬೆಳಿಗ್ಗೆ ಎಂಟಕ್ಕೇ ಜೀಪು ಬಂತು. ಓದುವ ಡಾಕ್ಟರುಗಳು ಮೂವರು, ಒಬ್ಬರ ತೊಡೆಯ ಮೇಲೆ ಮರದ ಪೆಟ್ಟಿಗೆ, ಹಸುಗೂಸನ್ನು ಹಿಡಿದ ಹಾಗೆ ಹಿಡಿದುಕೊಂಡು ಇಳಿದರು. ಮೇಷ್ಟರು ಕಡೂರಿನಲ್ಲಿ ಯಾರನ್ನೋ ನೋಡಿಕೊಂಡು ಹತ್ತೂವರೆಗೆ ಬರುತ್ತಾರಂತೆ, ಅಷ್ಟರಲ್ಲಿ ಒಬ್ಬೊಬ್ಬರು ಒಂದೊಂದು ರೋಗಿಯನ್ನು ವಿಚಾರಿಸಿ ಬರೆದಿಟ್ಟಿರಬೇಕಂತೆ. ತೀರ್ಥಮ್ಮ ಕನ್ನಡಕದವರ ಪಾಲಿಗೆ ಬಂದಳು. ಮೂವತ್ತರ ಆಚೆಯವರು, ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು, ಆದರೂ ಪರೀಕ್ಷೆಯ ದಿನದ ಹುಡುಗನ ಹಾಗೆ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ತೆಗೆಯುವುದು. ಪುಸ್ತಕದ ಕನ್ನಡದಲ್ಲಿ ಕೇಳಿದರು, ನಿಮ್ಮ ವಂಶದಲ್ಲಿ ಯಾರಿಗಾದರೂ ರಕ್ತಸ್ರಾವದ ಕಾಯಿಲೆ ಇದೆಯೇ. ಕೇಳಿದ್ದು ತೀರ್ಥಮ್ಮನನ್ನಲ್ಲ, ಅವ್ವನನ್ನು. ಅವ್ವ ಎದ್ದು ನಿಂತು ಸೆರಗು ಹೊದ್ದು, ಇಲ್ಲ ಸ್ವಾಮಿ. ಅಕ್ಕತಂಗಿಯರಲ್ಲಿ. ಇಲ್ಲ ಸ್ವಾಮಿ. ತಾಯಿಯ ಕಡೆ. ಯಾರಿಗೂ ಇಲ್ಲ ಸ್ವಾಮಿ, ನಮ್ಮನೇಲಿ ಎಲ್ಲಾರೂ ಗಟ್ಟಿ. ಕನ್ನಡಕದವರು ಮುಖ ಎತ್ತಲಿಲ್ಲ, ಎತ್ತಿದ್ದರೆ ಅವ್ವನ ಕತ್ತಿನ ನರ ಕಾಣುತ್ತಿತ್ತು. ಇಂಗ್ಲೀಷಿನಲ್ಲಿ ಏನೋ ಗೀಚಿದರು, ಚಿಕ್ಕದು, ಒಂದೇ ಪದ. ತೀರ್ಥಮ್ಮನಿಗೆ ಇಂಗ್ಲೀಷು ಓದಲು ಬರುವುದಿಲ್ಲ, ಆರನೇ ಕ್ಲಾಸಿನ ಅರ್ಧಕ್ಕೆ ಬಿಟ್ಟವಳು, ಆದರೆ ಆ ಪದದ ಅರ್ಥ ಇಲ್ಲ ಅಂತ, ಅಷ್ಟು ಚಿಕ್ಕದಾಗಿ ಬರೆಯಲು ಬೇರೇನೂ ಇರಲಾರದು. ಆಮೇಲೆ ಅವರು ಅವಳ ಕಿವಿಯ ಹಾಲೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು, ತಣ್ಣಗೆ, ನೋಯಲ್ಲಮ್ಮ, ಸೂಜಿ ಚುಚ್ಚಿದ್ದು ಇರುವೆ ಕಚ್ಚಿದಷ್ಟೇ, ಎಡಗೈಯಲ್ಲಿ ಗಡಿಯಾರ, ಬಲಗೈಯಲ್ಲಿ ದುಂಡನೆಯ ಕಾಗದ, ಶಾಯಿ ಹೀರುವ ಕಾಗದವಿತ್ತಲ್ಲ ಶಾಲೆಯಲ್ಲಿ, ಅದೇ ಥರದ್ದು. ಅರ್ಧ ನಿಮಿಷಕ್ಕೊಮ್ಮೆ ಕಾಗದದ ಅಂಚನ್ನು ಕಿವಿಗೆ ತಾಗಿಸುತ್ತಾರೆ, ರಕ್ತದ ಒಂದು ಚುಕ್ಕೆ, ಕಾಗದ ತಿರುಗಿಸುತ್ತಾರೆ, ಮತ್ತೊಂದು ಚುಕ್ಕೆ, ಅಂಚಿನ ಸುತ್ತ ಕುಂಕುಮದ ಬೊಟ್ಟಿನ ಸಾಲು, ಮೊದಲನೆಯದು ಕಾಸಿನಗಲ, ಎರಡನೆಯದು ಕಡಲೆಯಷ್ಟು, ಮೂರು, ನಾಲ್ಕು, ತೀರ್ಥಮ್ಮ ಉಸಿರು ಹಿಡಿದು ಕಾಯುತ್ತಿದ್ದಾಳೆ, ಈಗ ಗೊತ್ತಾಗುತ್ತದೆ, ಯಾರೂ ಹೇಳಬೇಕಾಗಿಲ್ಲ, ಅವ್ವನ ಮಾತು ಮುರಿಯಬೇಕಾಗಿಲ್ಲ, ರಕ್ತವೇ ಹೇಳಿಬಿಡುತ್ತದೆ, ಐದು, ಆರು, ಹೇಳು, ಹೇಳು — ಏಳನೆಯದು ಸಾಸಿವೆ. ಎಂಟನೆಯದು ಬರೀ ಬಿಳಿ. ಕನ್ನಡಕದವರು ಗಡಿಯಾರ ನೋಡಿ, ನಾಲ್ಕು ನಿಮಿಷ, ನಾರ್ಮಲ್ ಅಂದರು. ಅವ್ವ ಲಿಂಗವನ್ನು ಕಣ್ಣಿಗೊತ್ತಿಕೊಂಡಳು.

ನಿಂತುಹೋಯಿತು. ಯಾಕೆ ನಿಂತಿತು. ಒಂಬತ್ತು ವರ್ಷದವಳಿದ್ದಾಗ ಹಾಲುಹಲ್ಲು ಬಿದ್ದಾಗ ಎರಡು ದಿನ ನಿಲ್ಲಲಿಲ್ಲ, ದಿಂಬು ಒದ್ದೆಯಾಗಿ ಬಾಯಲ್ಲಿ ಕಬ್ಬಿಣ ಕಚ್ಚಿದ ರುಚಿ, ಅಪ್ಪಯ್ಯ ಎಲ್ಲಿಂದಲೋ ಪಟಿಕದ ಪುಡಿ ತಂದು ಒತ್ತಿದ, ಹೈಸ್ಕೂಲಿನವರ ಆಟದಲ್ಲಿ ಮೂಗಿಗೆ ಚೆಂಡು ಬಿದ್ದು ಲಂಗ ಪೂರ್ತಿ ನೆನೆದಿತ್ತು, ಅಂಥ ರಕ್ತ ಇವತ್ತು, ಬೇಕಾದ ದಿನ, ನಾಲ್ಕೇ ನಿಮಿಷಕ್ಕೆ ಶಿಸ್ತಾಗಿ ನಿಂತಿತಲ್ಲ, ಅವ್ವ ಸಾಲದು ಅಂತ ಇದೂ ಸುಳ್ಳು ಹೇಳಿತಲ್ಲ. ಹಂಗಾದ್ರೆ ನಾನು ಸುಮ್ಮನೆ ಹೆದರಿದ್ದೆನೇ. ಹೆದರಿದ್ದೇ ಇರಬಹುದು. ಎಲ್ಲಾ ಹೆಂಗಸರಿಗೂ ಹೀಗೇ ಇರಬಹುದು, ಯಾರೂ ಹೇಳಿಕೊಳ್ಳುವುದಿಲ್ಲ ಅಷ್ಟೆ. ಬಸ್ಸು ಹತ್ತಿಸುವಾಗ ಅವರು, ಗಂಡ, ಟಯರಿನ ಪಕ್ಕ ನಿಂತು ನೆಲ ನೋಡುತ್ತಾ ಹುಷಾರು ಅಂದಿದ್ದರು, ಮದುವೆಯಾಗಿ ಒಂದೂವರೆ ವರ್ಷದಲ್ಲಿ ನಾಲ್ಕು ಜನರೆದುರು ಅವರಾಡಿದ ಮೊದಲ ಮಾತು, ಏನಕ್ಕೆ ಹುಷಾರು ಅಂತ ಅವರಿಗೆ ಗೊತ್ತಿಲ್ಲ, ಗೊತ್ತಿದ್ದರೆ ತವರಿಗೆ ಕಳಿಸುತ್ತಿದ್ದರೇ. ಹೊಟ್ಟೆಯೊಳಗೆ ಒದೆತ. ಇದು ಬಲಗಡೆ ಪಕ್ಕೆಗೇ ಒದೆಯುವುದು ಯಾವಾಗಲೂ. ಮಗ ಸುಮ್ಮನಿರಪ್ಪ, ಮಗಳಾದರೆ ಸುಮ್ಮನಿರವ್ವಾ. ಮಗಳಾದರೆ. ಮಗಳಾದರೆ ಅವಳಿಗೂ ನಮ್ಮನೆ ಹೆಣ್ಮಕ್ಕಳಿಗೆ ಹಂಗೇ ಅಂತ ಒಂದು ದಿನ ನಾನೇ ಹೇಳಬೇಕು, ಹೇಳಲು ನಾನು ಇದ್ದರೆ.

ಪ್ರೇಮ ಚಿಕ್ಕಮ್ಮನಿಗೂ ಮೊದಲು ಎಲ್ಲಾ ಚೆನ್ನಾಗಿಯೇ ಇತ್ತು. ಅವ್ವನ ತಂಗಿ, ಅವ್ವನಿಗಿಂತ ಹನ್ನೆರಡು ವರ್ಷ ಚಿಕ್ಕವಳು, ಅಜ್ಜಿ ಇರಲಿಲ್ಲವಾದ್ದರಿಂದ ಬಾಣಂತನಕ್ಕೆ ಅಕ್ಕನ ಮನೆಗೇ ಬಂದಿದ್ದಳು, ಎಪ್ಪತ್ತನಾಲ್ಕನೇ ಇಸವಿ, ತೀರ್ಥಮ್ಮನಿಗೆ ಹನ್ನೊಂದು. ಸೂಲಗಿತ್ತಿ ಹುಲಿಗೆಮ್ಮ ಬಂದು ಸಲೀಸಾಗಿ ಹೆರಿಗೆ ಮಾಡಿಸಿದಳು, ಇಷ್ಟು ಹಗುರಾದ ಹೆರಿಗೆ ನಾನು ನೋಡೇ ಇಲ್ಲ, ಬೆಕ್ಕು ಹೆತ್ತಂಗೆ ಹೆತ್ಲು ನಿನ್ ತಂಗಿ ಅಂತ ಅವ್ವನಿಗೆ ಹೇಳಿ ಎಲೆಅಡಿಕೆ ಹಾಕಿಕೊಂಡು ಹೋದಳು. ಮೂರು ದಿನ, ಐದು ದಿನ, ಚಿಕ್ಕಮ್ಮ ಎದ್ದು ಕೂತು ಮೆಣಸಿನ ಸಾರು ಅನ್ನ ಉಂಡಳು, ಬಿಸಿನೀರು ಎರೆಸಿಕೊಂಡಳು, ತೀರ್ಥ ಬಾರೇ, ನಿನ್ ತಮ್ಮನ ಕಿವಿ ನೋಡು ಥೇಟ್ ನಿಮ್ ಚಿಕ್ಕಪ್ಪನ್ದೇ, ಮೊರದಗಲ ಅಂತ ನಕ್ಕಳು. ಕೆಲಸಕ್ಕೆ ಕೈ ಸಾಲದು ಅಂತ ತೀರ್ಥಮ್ಮನ ಶಾಲೆ ಬಿಡಿಸಿದ್ದರು, ಬಾಣಂತನ ಮುಗಿದ ಮೇಲೆ ಹೋಗುವಿಯಂತೆ. ಏಳನೇ ದಿನ ಬೆಳಿಗ್ಗೆ ಅವ್ವ ಬಟ್ಟೆಯ ಬುಟ್ಟಿ ಕೊಟ್ಟು ಹಳ್ಳಕ್ಕೆ ಕಳಿಸಿದಳು, ದನ ಮೇಯುವ ಕಾವಲಿನ ಅಂಚಿನಲ್ಲಿ ಹರಿಯುವ ಹಳ್ಳ, ಅಮೃತಮಹಲ್ ದನ ನೀರಿಗಿಳಿಯುವ ಜಾಗದಿಂದ ಸ್ವಲ್ಪ ಮೇಲೆ, ಜಾಲಿಮರದ ಹಿಂದೆ, ಯಾರ ಕಣ್ಣಿಗೂ ಬೀಳಬೇಡ. ಎಂಟನೇ ದಿನ ಎರಡು ಸಲ ಕಳಿಸಿದಳು. ಒಂಬತ್ತನೇ ದಿನ ಬೆಳಿಗ್ಗೆಯಿಂದ ಎಷ್ಟು ಸಲ ಅಂತ ಲೆಕ್ಕವಿಲ್ಲ, ಬಟ್ಟೆ ಮುಗಿದು ಹಳೇ ಸೀರೆ ಹರಿದರು, ಸೀರೆ ಮುಗಿದು ಅಪ್ಪಯ್ಯನ ಪಂಚೆ, ಬುಟ್ಟಿ ತಲೆಯ ಮೇಲೆ ಇಡಲು ಆಗುತ್ತಿರಲಿಲ್ಲ, ತಳದಿಂದ ತೊಟ್ಟಿಕ್ಕಿ ಕತ್ತಿಗೆ ಇಳಿಯುತ್ತಿತ್ತು, ಬೆಚ್ಚಗೆ, ಸೊಂಟಕ್ಕೆ ಒತ್ತಿಕೊಂಡು ಓಡಿದಳು, ನೀರಿಗೆ ಹಾಕಿದ ಬಟ್ಟೆಯಿಂದ ಕೆಂಪು ಬಿಟ್ಟುಕೊಳ್ಳುತ್ತದೆ, ಹಿಂಡು, ಇನ್ನೂ ಕೆಂಪು, ಹಿಂಡು, ಕೆಳಗೆ ನೀರು ಕುಡಿಯುತ್ತಿದ್ದ ಹಸುವೊಂದು ಮೂತಿ ಎತ್ತಿ ಅವಳನ್ನು ನೋಡಿತು, ಉದ್ದ ಕೊಂಬಿನ ಹಸು, ಮೂತಿ ಎತ್ತಿ ನೋಡಿ, ಕುಡಿಯದೆ ತಿರುಗಿ ಹೋಯಿತು. ವಾಪಸ್ಸು ಬಂದಾಗ ಚಿಕ್ಕಮ್ಮ ಗೋಡೆಯ ಸುಣ್ಣದ ಬಣ್ಣಕ್ಕೆ ತಿರುಗಿದ್ದಳು, ತೀರ್ಥ ಬಾಯಾರ್ತದೆ ಕಣೇ ಅಂದಳು, ಹಸಿ ಬಾಣಂತಿಗೆ ತಣ್ಣೀರು ಕೊಡಬಾರದು ಅಂತ ಅವ್ವ ನೀರು ಕಾಯಿಸಲು ಒಲೆ ಮುಂದೆ ಕೂತಳು, ಉರಿ ಹತ್ತಲಿಲ್ಲ, ಊದುತ್ತಾ ಊದುತ್ತಾ ಕೂತಳು. ಊದುಗೊಳವೆ ಬಿಟ್ಟು ಎದ್ದಾಗ ಆಗಿಹೋಗಿತ್ತು. ಮಗು ಮಾತ್ರ ಮಲಗಿತ್ತು, ಕಿವಿ ಮೊರದಗಲ.

ಬಾಣಂತಿ ಸನ್ನಿ ಆಯ್ತು, ಜ್ವರ ತಲೆಗೇರಿ ಹೋದ್ಲು ಅಂತ ಅವ್ವ ಚಿಕ್ಕಪ್ಪನ ಮನೆಯವರಿಗೆ ಹೇಳಿದಳು, ಊರಿಗೆ ಹೇಳಿದಳು, ಮಠದ ಅಯ್ಯನವರಿಗೂ ಹಾಗೇ ಹೇಳಿದಳು. ಸನ್ನಿ ಯಾರಿಗೆ ಬೇಕಾದರೂ ಬರುತ್ತದೆ, ಸನ್ನಿಗೆ ಮನೆತನ ಇಲ್ಲ. ಆಮೇಲೆ, ಮಣ್ಣು ಮಾಡಿ ಬಂದ ಮೇಲೆ, ತೀರ್ಥಮ್ಮನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಅವಳದೇ ಕೊರಳಲ್ಲಿದ್ದ ಇಷ್ಟಲಿಂಗವನ್ನು ಕರಡಿಗೆಯಿಂದ ತೆಗೆದು ಅಂಗೈ ಮೇಲೆ ಇಟ್ಟು, ಹೇಳು, ನಾನು ಒಗೆದ ಬಟ್ಟೆ ವಿಚಾರ ನನ್ನ ಬಾಯಿಂದ ಯಾರಿಗೂ ಹೇಳಲ್ಲ ಅಂತ ಹೇಳು. ಹೇಳಲ್ಲ. ಲಿಂಗ ಅಂಗೈಯಲ್ಲಿ ತಣ್ಣಗಿತ್ತು, ಅಂಗೈ ಗೆರೆಗಳಲ್ಲಿ ಇನ್ನೂ ಕೆಂಪಿತ್ತು, ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ನಿಮ್ಮಜ್ಜಿನೂ ಹಿಂಗೇ ಕಣೇ, ಅಂದಳು ಅವ್ವ, ನಂಗೂ ನಿನ್ ತಂಗಿ ಚಿಕ್ಕವಳು ಹುಟ್ಟಿದಾಗ ಹಿಂಗೇ ಆಗಿ ಹೆಂಗೋ ಉಳ್ಕೊಂಡೆ, ಜನಕ್ಕೆ ಗೊತ್ತಾದ್ರೆ ನಮ್ಮನೆ ಹೆಣ್ಣು ಯಾರ್ ತಗೋತಾರೆ, ನಿನ್ನ ಯಾರ್ ತಗೋತಾರೆ, ಬಾಯಲ್ಲಿ ಆಡ್ಬಾರ್ದು, ಆಡಿದ್ರೆ ಕೇಳಿಸ್ಕೊಂಡು ಮತ್ತೆ ಬತ್ತದೆ. ಅಂದು ಅತ್ತಳು, ಆ ಸಾವಿನಲ್ಲಿ ಅವ್ವ ಅತ್ತದ್ದು ಅದೊಂದೇ ಸಲ. ಶಾಲೆಗೆ ಮತ್ತೆ ಹೋಗಲಿಲ್ಲ, ಚಿಕ್ಕಮ್ಮನ ಮಗುವನ್ನು ಅವರ ಮನೆಯವರು ಒಯ್ಯುವ ತನಕ ಎತ್ತಿಕೊಂಡಿದ್ದಳು, ಆಮೇಲೆ ಹೋಗೆಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಒಂಬತ್ತು ವರ್ಷವಾಯಿತು. ಈ ಕನ್ನಡಕದವರು ಎರಡು ವರ್ಷ ಓದಿ ಕಲಿಯುವುದರಲ್ಲಿ ಇದು ಇದೆಯೋ ಇಲ್ಲವೋ, ಆರನೇ ಕ್ಲಾಸಿನ ಅರ್ಧಕ್ಕೆ ಬಿಟ್ಟವಳು ಹಳ್ಳದ ದಂಡೆಯಲ್ಲಿ ಮೂರು ದಿನದಲ್ಲಿ ಓದಿ ಮುಗಿಸಿದ್ದಾಳೆ, ಉತ್ತರ ಅವಳ ಬಾಯಲ್ಲಿದೆ, ಬಾಯಿಗೆ ಬೀಗ ಹಾಕಿದವಳು ಕಾಲಬುಡದ ಚಾಪೆಯ ಮೇಲೆ ಕೂತು ಬಸ್ಸಿನ ಕೂಗು ಕೇಳುತ್ತಿದ್ದಾಳೆ.

ಅವ್ವನ ತಪ್ಪಲ್ಲ. ಸೋಮವಾರ ಬೀರೂರಿನಿಂದ ಕರಿಸಿದ್ದಪ್ಪನವರ ಮನೆಯವರು ಚಿಕ್ಕವಳನ್ನು ನೋಡಲು ಬರುತ್ತಾರೆ, ಹುಡುಗ ರೈಲ್ವೇಲಿ ಇದ್ದಾನೆ, ಹುಡುಗನ ಸೋದರಮಾವನ ಮನೆ ಇದೇ ತರೀಕೆರೆ, ಈ ಆಸ್ಪತ್ರೆ ಎದುರಿಗಿನ ಬೀದಿ, ನಿನ್ನೆ ಆ ಮಾವನ ಹೆಂಡತಿ ಬಂದು ಮಂಚದ ಪಕ್ಕ ನಿಂತು ಏನ್ರೀ ಸಾವಿತ್ರಮ್ಮಾರೇ, ಮಗಳಿಗೆ ಏನಂತೆ, ರಕ್ತದ ಡಾಕ್ಟ್ರಿಗೆ ತೋರ್ಸಕ್ಕೆ ಇಟ್ಕೊಂಡವ್ರಂತಲ್ಲ, ಅಂತ ಕೇಳಿ, ಉತ್ತರಕ್ಕೆ ಕಾಯುತ್ತಾ ಬಾಳೆಹಣ್ಣು ಕೊಟ್ಟಳು. ಬಳೆ ಒತ್ತಿ ಊದ್ಕೊಂಡಿತ್ತು ಕಣ್ರೀ ಅಷ್ಟೇಯ, ಅಂದಳು ಅವ್ವ, ನಕ್ಕಳು ಕೂಡ. ಚಿಕ್ಕವಳಿಗೆ ಹದಿನೇಳು, ಬೀರೂರು ಅಂದರೆ ಕೆನ್ನೆ ಕೆಂಪಾಗುತ್ತದೆ, ಚಿಕ್ಕವಳಿಗೂ ತಿಂಗಳಿಗೆ ಹದಿಮೂರು ದಿನ, ಅದನ್ನೂ ಯಾರೂ ಎಣಿಸಿಲ್ಲ, ನಾನು ಎಣಿಸಿದ್ದೇನೆ. ನಾನು ಬಾಯಿಬಿಟ್ಟರೆ ಅವಳ ಮದುವೆ ಇಲ್ಲ. ಬಾಯಿಬಿಡದಿದ್ದರೆ ಅವಳಿಗೂ ಮದುವೆ, ಬಸಿರು, ಬುಟ್ಟಿ. ನಾನೇ ಮೊದಲು. ಇನ್ನು ಎರಡು ತಿಂಗಳು. ಹುಲಿಗೆಮ್ಮ ಇನ್ನೂ ಇದ್ದಾಳೆ, ಕಣ್ಣು ಮಂಜಾದರೂ ಕೈ ಚುರುಕು, ಬೆಕ್ಕು ಹೆತ್ತಂಗೆ ಹೆತ್ಲು ಅಂತ ಹೇಳಿ ಹೋಗುತ್ತಾಳೆ, ಆಮೇಲೆ ಏಳನೇ ದಿನ. ಬುಟ್ಟಿ ಹೊರುವವಳು ಯಾರು, ಚಿಕ್ಕವಳೇ ಹೊರಬೇಕು.

ಹೆಜ್ಜೆ ಸದ್ದು, ಜವರಮ್ಮ ಓಡಿ ಬಂದು ಮಡಿಸಿದ ಬಟ್ಟೆಯ ತಟ್ಟೆಯನ್ನು ಎತ್ತಿಕೊಂಡು ಹೋದಳು, ಬಂದ್ರು ಬಂದ್ರು, ಸೆರಗು ಸರಿ ಮಾಡ್ಕಳವ್ವಾ. ದೊಡ್ಡ ಡಾಕ್ಟರು ಗಿಡ್ಡ ಆಳು, ಮಾಸಲು ಕೋಟು, ಕಿಸೆಯಲ್ಲಿ ನಶ್ಯದ ಡಬ್ಬಿ, ನೋಡಿದರೆ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ. ಅವರ ಹಿಂದೆ ಮೂವರು, ಕೈಕಟ್ಟಿ, ಜವರಮ್ಮ ಹೇಳಿದ ಹಾಗೇ. ಕನ್ನಡಕದವರು ಕಾಗದ ಹಿಡಿದು ಇಂಗ್ಲೀಷಿನಲ್ಲಿ ಒಪ್ಪಿಸತೊಡಗಿದರು, ದೊಡ್ಡ ಡಾಕ್ಟರು ಕೈಯೆತ್ತಿ, ಕನ್ನಡದಲ್ಲಿ ಹೇಳಪ್ಪಾ, ಕಾಯಿಲೆ ಇರೋದು ಈಯಮ್ಮಂಗೆ, ನಿನ್ನ ಕಾಗದಕ್ಕಲ್ಲ. ಕನ್ನಡಕದವರ ಕಿವಿ ಕೆಂಪಾಯಿತು. ಇಪ್ಪತ್ತು ವರ್ಷ, ಮೊದಲ ಬಸಿರು, ಬಳೆ ತೊಡಿಸಿದಾಗ ಕೈ ಕಂದಿದೆ ಸರ್, ರಕ್ತ ನಿಲ್ಲುವ ಪರೀಕ್ಷೆ ನಾರ್ಮಲ್, ವಂಶದಲ್ಲಿ ಯಾರಿಗೂ ಇಲ್ಲ ಸರ್, ಮನೆಗೆ ಕಳಿಸಬಹುದು. ಕಳಿಸಬಹುದೋ. ಕಳಿಸಬಹುದು ಸರ್. ದೊಡ್ಡ ಡಾಕ್ಟರು ತೀರ್ಥಮ್ಮನ ಕೈಯನ್ನು ತಮ್ಮ ಅಂಗೈ ಮೇಲೆ ಇಟ್ಟುಕೊಂಡು, ನೇರಳೆಯ ಅಂಚನ್ನು ಒಂದು ಬೆರಳಿಂದ ಸವರುತ್ತಾ ಹೋದರು, ನಿಧಾನಕ್ಕೆ, ಊರಿನ ನಕ್ಷೆ ನೋಡಿದ ಹಾಗೆ. ಬಸುರೀಲಿ ರಕ್ತ ಏನಾಗುತ್ತಪ್ಪಾ ಅಂತ ಕೇಳಿದರು. ಉತ್ತರವನ್ನೂ ತಾವೇ ಕೊಟ್ಟರು. ಗಟ್ಟಿಯಾಗುತ್ತೆ. ಒಂಬತ್ತು ತಿಂಗಳು ಒಂದು ಕಾವಲು ಬಂದು ನಿಲ್ಲುತ್ತೆ, ಹುಟ್ಟಿನಿಂದ ಹೆಪ್ಪುಗಟ್ಟದ ರಕ್ತಾನೂ ಆಗ ಹೆಪ್ಪುಗಟ್ಟಬಹುದು, ನೀನು ನಿನ್ನ ಕಾಗದ ತಾಗಿಸಿ ನಾರ್ಮಲ್ ಅಂತ ಬರೀತೀಯ. ಹೆರಿಗೇನೂ ಸಲೀಸು. ಹೆತ್ತ ಮೇಲೆ ಕಾವಲಿನೋನು ಎದ್ದು ಹೋಗ್ತಾನೆ. ಆಗ ಶುರು. ಅವತ್ತೇ ಅಲ್ಲ, ನಾಲ್ಕು ದಿನ ಬಿಟ್ಟು, ಎಂಟು ದಿನ ಬಿಟ್ಟು, ಎಲ್ಲಾರೂ ಬಾಣಂತಿ ಚೆನ್ನಾಗವ್ಳೆ ಅಂತ ಮೈಮರೆತಿರೋ ಹೊತ್ತಿಗೆ.

ಅವರಿಗೆ ಗೊತ್ತು. ತೀರ್ಥಮ್ಮನ ಕಿವಿಯಲ್ಲಿ ಗುಂಯ್ ಅನ್ನುತ್ತಿದೆ, ಇವರಿಗೆ ಗೊತ್ತು, ಹಳ್ಳದ ದಂಡೆಯಲ್ಲಿ ತಾನೊಬ್ಬಳೇ ಕಂಡಿದ್ದು ಇವರ ಪುಸ್ತಕದಲ್ಲಿದೆ, ಅದಕ್ಕೊಂದು ಹೆಸರೂ ಇರಬಹುದು, ಹೆಸರಿದ್ದರೆ ಔಷಧಿ ಇರಬಹುದು. ದೊಡ್ಡ ಡಾಕ್ಟರು ಹೇಳುತ್ತಲೇ ಇದ್ದಾರೆ, ಇವಳ ಹತ್ರ ಈಗ ಯಾವ ಪರೀಕ್ಷೆ ಮಾಡಿದ್ರೂ ಕೈಕೊಡಬಹುದು, ಮನೆ ಕತೆಯೊಂದೇ ಕೈಕೊಡೋಲ್ಲ, ಆ ಕತೇನ ಕೇಳಕ್ಕೆ ಬರದೇ ಇದ್ರೆ ಎರಡಲ್ಲ ಹತ್ತು ವರ್ಷ ರಕ್ತ ಓದಿದ್ರೂ ನೀವು ಕಾಂಪೌಂಡರುಗಳೇ. ಮೂವರೂ ನೆಲ ನೋಡಿದರು. ಅವರು ಅವ್ವನ ಕಡೆ ತಿರುಗಿ, ಚಾಪೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು, ಕೋಟಿನ ಅಂಚು ನೆಲಕ್ಕೆ ತಾಗುತ್ತಿತ್ತು. ಏನ್ ತಾಯಿ ನಿಮ್ಮೆಸ್ರು. ಸಾವಿತ್ರಮ್ಮ ಸ್ವಾಮಿ. ಸಾವಿತ್ರಮ್ಮಾರೇ, ಕಾಯಿಲೆ ಗೀಯಿಲೆ ಬಿಡಿ, ನಿಮ್ಮ ಮನೇಲಿ, ತಾಯಿ ಕಡೆ, ಅಕ್ಕನೋ ತಂಗೀನೋ, ಹೆತ್ತು ವಾರದ ಮೇಲೆ ಬಟ್ಟೆ ಜಾಸ್ತಿ ಆಗಿ ತೀರ್ಕೊಂಡೋರು ಯಾರಾದ್ರೂ ಅವ್ರಾ. ಇದ್ರೆ ಇವಳನ್ನ ನಾನು ಬೆಂಗ್ಳೂರಿಗೆ ಕರ್ಕೊಂಡ್ ಹೋಗ್ತೀನಿ, ಹೆರಿಗೆ ಅಲ್ಲೇ, ಹೊಂದೋ ರಕ್ತ ಪಕ್ಕದಲ್ಲೇ ಇಟ್ಕೊಂಡು ಮೂರು ವಾರ ಕಾಯ್ತೀವಿ. ಇಲ್ಲ ಅಂದ್ರೆ ಎರಡರ ಬಸ್ಸಿಗೆ ನೀವು ಹೊರಡಬಹುದು, ನಂಗೂ ಹಾಸಿಗೆ ಕಮ್ಮಿ, ಕತೆ ಇಲ್ಲದೆ ಯಾರನ್ನೂ ಇಟ್ಕೊಳ್ಳಕ್ಕಾಗಲ್ಲ. ಯೋಚ್ನೆ ಮಾಡಿ ಹೇಳಿ. ಅವ್ವ ಯೋಚನೆ ಮಾಡಲಿಲ್ಲ. ಅವ್ವ ಬಾಗಿಲ ಕಡೆ ನೋಡಿದಳು, ಬಾಗಿಲಲ್ಲಿ ಹುಡುಗನ ಮಾವನ ಹೆಂಡತಿ ಟಿಫಿನ್ ಕ್ಯಾರಿಯರ್ ಹಿಡಿದು ನಿಂತಿದ್ದಳು, ಯಾವಾಗ ಬಂದಳೋ. ಇಲ್ಲ ಸ್ವಾಮಿ, ಅಂದಳು ಅವ್ವ, ಅಂಥೋರು ಯಾರೂ ಇಲ್ಲ.

ಹಂಗಾದ್ರೆ ಸರಿ, ಅಂತ ದೊಡ್ಡ ಡಾಕ್ಟರು ಮಂಡಿ ಹಿಡಿದುಕೊಂಡು ಏಳುತ್ತಿದ್ದಾರೆ, ಮಂಡಿ ಲಟಕ್ ಅಂದಿತು, ಇನ್ನು ಐದನೇ ಮಂಚಕ್ಕೆ ಹೋಗುತ್ತಾರೆ, ಆರನೆಯದು, ಆಮೇಲೆ ಜೀಪು, ತೀರ್ಥಮ್ಮ ಹೊದಿಕೆ ಸರಿಸಿದಳು, ನಾಲ್ಕು ಗಂಡಸರು, ಬಾಗಿಲಲ್ಲಿ ಬೀರೂರು, ಆಣೆ ಅಂದರೆ ಆಣೆ, ನನ್ನ ಬಾಯಿಂದ ಹೇಳಲ್ಲ ಅಂದಿದ್ದೆ, ನನ್ನ ಬಾಯಿಂದ, ನನ್ನ ಬಾಯಿಂದ ಅಷ್ಟೇ ಅಲ್ಲವೇ, ಅವ್ವನ ಬಾಯಿಗೆ ಯಾರೂ ಆಣೆ ಹಾಕಿಲ್ಲವಲ್ಲ, ಕಾಲು ನೆಲಕ್ಕಿಟ್ಟಳು, ನೆಲ ತಣ್ಣಗಿದೆ, ನಿಂತಳು, ಹೊಟ್ಟೆಯ ಭಾರಕ್ಕೆ ವಾಲಿ ಮಂಚದ ಕಂಬಿ ಹಿಡಿದಳು, ಅವ್ವಾ, ಅಂದಳು. ಅಷ್ಟು ಜೋರಾಗಿ ಅವಳು ಯಾವತ್ತೂ ಮಾತಾಡಿದ್ದಿಲ್ಲ, ಆರೂ ಮಂಚದವರು ತಿರುಗಿದರು, ಕನ್ನಡಕದವರ ಪೆನ್ನು ಕಾಗದದ ಮೇಲೆ ನಿಂತಿತು. ಅವ್ವಾ, ನಾನು ಹೇಳೋ ಹಂಗಿಲ್ಲ, ನೀನೇ ಹೇಳು. ದೊಡ್ಡ ಡಾಕ್ಟರು ಅರ್ಧ ಎದ್ದವರು ಹಾಗೇ ನಿಂತರು, ಅವಳನ್ನು ನೋಡಲಿಲ್ಲ, ಅವ್ವನ ಮುಖವನ್ನೇ ನೋಡಿದರು. ಬಾಗಿಲಲ್ಲಿ ಟಿಫಿನ್ ಕ್ಯಾರಿಯರಿನ ಹಿಡಿ ಕಿಣಿ ಅಂದಿತು. ಅವ್ವನ ಬಾಯಿ ಸ್ವಲ್ಪ ತೆರೆದಿದೆ, ತುಟಿ ಒಣಗಿ ಬಿಳಿಚಿದೆ, ಗಂಟಲು ಒಂದು ಸಲ ಏರಿ ಇಳಿಯಿತು, ಇನ್ನೊಂದು ಸಲ ಏರಿತು, ಅಲ್ಲೇ ನಿಂತಿತು, ಏರಿದ್ದು ಇಳಿಯಲಿಲ್ಲ, ತೀರ್ಥಮ್ಮ ಆ ಗಂಟಲನ್ನೇ ನೋಡುತ್ತಿದ್ದಾಳೆ, ಏರಿ ನಿಂತ ಗಂಟಲು, ಅದರೊಳಗೆ ಸಿಕ್ಕಿಕೊಂಡ ಒಂದು ಹೆಸರು, ಏರಿ ನಿಂತ ಗಂಟಲು —

ಹೇಳವ್ವಾ.